ಚೌಕುಳಿ ಬಟ್ಟೆಯ ಸರಪಳಿ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಎರಡು ಹೆಣಿಗೆ ಹಾಕುವಷ್ಟರಲ್ಲಿ, ಇನ್ನೊಂದು ರಿಬ್ಬನ್ ಕಾಣುತ್ತಿಲ್ಲವೆಂದು ಮಗಳು ಕುಳಿತಲ್ಲಿಂದಲೇ ಕೈ ಚಾಚಿ ಹೊಲಿಗೆ ಡಬ್ಬಿಯನ್ನು ಎಳೆದುಕೊಂಡಳು. ಡಬ್ಬಿಯೊಳಗೆ ಗುಂಡಿಗಳು ಸರಸರನೆ ಸರಿದಾಡಿದ ಸದ್ದು. ಆಮೇಲೆ ಸದ್ದು ನಿಂತಿತು. ಮಗಳ ತಲೆ ಒಂದು ಗಳಿಗೆ ಅಲ್ಲಾಡದೆ ಹಾಗೇ ನಿಂತದ್ದು ಅಮ್ಮನ ಕಣ್ಣಿಗಿಂತ ಮೊದಲು ಬೆರಳುಗಳಿಗೆ ತಿಳಿಯಿತು. ಅವಳು ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಗುರುವಾರ ಸಂಜೆ ಅದನ್ನು ಎಲ್ಲಕ್ಕಿಂತ ಕೆಳಗೆ, ಹಳೆಯ ಝಿಪ್ಪುಗಳ ಮತ್ತು ಕತ್ತರಿಸಿದ ಕಾಲರುಗಳ ಅಡಿಗೆ, ತುರುಕಿಟ್ಟವಳು ಅವಳೇ. ಬಿಸಾಡಬಹುದಿತ್ತು. ಆದರೆ ಮಗಳು ಮೂರನೇ ತರಗತಿಯಲ್ಲಿದ್ದಾಗ ತೊಡುತ್ತಿದ್ದ ಫ್ರಾಕಿನ ಬಟ್ಟೆ ಅದು, ಹಳದಿ ಚೌಕುಳಿಯದ್ದು, ಇನ್ನೂ ಗಟ್ಟಿಯಾಗಿತ್ತು. ಅಂಥ ಹೊತ್ತಿನಲ್ಲೂ ಬಟ್ಟೆಯ ಗಟ್ಟಿತನ ನೋಡುವ ತನ್ನ ಬುದ್ಧಿಗೆ ಅವಳಿಗೆ ಹೇಸಿಗೆಯಾಗಿತ್ತು. ಸ್ವಲ್ಪ ನಗುವೂ ಬಂದಿತ್ತು.

"ಅಮ್ಮಾ."

"ಹ್ಞೂಂ."

"ಒಂದು ಕೇಳ್ಲಾ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವಳು ಎದ್ದಳು. ಎದ್ದದ್ದು ಫೋನಿಗಾಗಿಯೋ, ಆ ಪ್ರಶ್ನೆಯಿಂದ ದೂರ ಹೋಗುವುದಕ್ಕಾಗಿಯೋ ಎಂದು ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಶಾಲೆಯ ಗುಮಾಸ್ತನ ದನಿ. "ಮೇಡಂ, ಹೊರಟ್ರಾ? ಸ್ವಲ್ಪ ಬೇಗ ಬನ್ನಿ. ಸೈಕಲ್ ಶೆಡ್ಡಿನ ವಿಷಯ ಇವತ್ತು ತೀರ್ಮಾನ ಮಾಡ್ತಾರಂತೆ ದೊಡ್ಡ ಮೇಡಂ, ಮೊದಲನೇ ಗಂಟೆಗೆ ಮುಂಚೆ. ನೀವು ಇರಲೇಬೇಕು ಅಂದ್ರು."

"ನಾನ್ಯಾಕೆ?"

"ಅಯ್ಯೋ, ನೀವೇ ಅಲ್ವಾ ಮೊದಲು ಬರೆದು ಕೊಟ್ಟಿದ್ದು? ನಿಮ್ಮ ಪತ್ರಾನೇ ಮುಂದಿಟ್ಕೊಂಡು ಕೂತಿದಾರೆ. ಗೇಟಿನ ತಾತನ ಕತೆ ಮುಗೀತು ಅಂತ ಕಾಣುತ್ತೆ." ಗುಮಾಸ್ತ ನಕ್ಕ. ಕೆಟ್ಟ ನಗೆಯಲ್ಲ, ಬೆಳಗಿನ ಹೊತ್ತು ಎಲ್ಲದಕ್ಕೂ ನಗುವ ಮನುಷ್ಯ ಅವನು.

ಅವಳು ಬರುವ ಹೊತ್ತಿಗೆ ಹೊಲಿಗೆ ಡಬ್ಬಿಯ ಮುಚ್ಚಳ ಮುಚ್ಚಿತ್ತು. ಮಗಳು ಷೂ ಹಾಕಿಕೊಳ್ಳುತ್ತಿದ್ದಳು, ಒಂದು ಜಡೆ ಬಿಗಿಯಾಗಿ ಹೆಣೆದುಕೊಂಡು, ಇನ್ನೊಂದು ಅರ್ಧಕ್ಕೆ ಬಿಚ್ಚಿಕೊಂಡು. ಜಡೆ ಎಂದಳು ಅವಳು. ಹೊತ್ತಾಯ್ತಲ್ಲ, ಅಲ್ಲೇ ಹಾಕು ಎಂದಳು ಮಗಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಗಳ ಅಪ್ಪ ಮೊದಲ ಪಾಳಿಗೆ ಆಗಲೇ ಹೋಗಿಯಾಗಿತ್ತು, ಅವನ ಕಾಫಿ ಲೋಟ ಕಿಟಕಿಯ ಮೇಲೇ ಇತ್ತು. ಅದನ್ನು ತೊಳೆದು ಕವುಚಿಟ್ಟು, ಊಟದ ಡಬ್ಬಿಗಳನ್ನು ಚೀಲಕ್ಕೆ ಹಾಕಿ, ಸಿಲಿಂಡರಿನ ತಿರುಪು ಮುಚ್ಚಿದೆನೇ ಎಂದು ಎರಡು ಸಲ ಮುಟ್ಟಿ ನೋಡಿ, ಬಾಗಿಲಿಗೆ ಬೀಗ ಹಾಕಿದಳು. ಬೀಗ ಜಗ್ಗಿ ನೋಡಿದಳು. ಇಳಿದ ಮೇಲೆ ಮತ್ತೆ ಮೆಟ್ಟಿಲು ಹತ್ತಿ ಬಂದು ಜಗ್ಗಿ ನೋಡಿದಳು.

ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ. ಆ ಕಡೆಗೆ ಬಸ್ಸಿಲ್ಲ. ಕ್ಯಾರಿಯರಿನ ಮೇಲೆ ದಿಂಬು ಕಟ್ಟಿ ಮಗಳನ್ನು ಕೂರಿಸಿಕೊಂಡು ನಾಲ್ಕು ವರ್ಷದಿಂದ ಹೋಗುತ್ತಿದ್ದಳು. ಮಗಳು ನಾಲ್ಕನೇ ತರಗತಿಗೆ, ಅವಳು ಮೇಲಂತಸ್ತಿನ ಪುಸ್ತಕದ ಕೋಣೆಗೆ. ಮಗಳು ಯಾವಾಗಲೂ ಹಿಂದಿನಿಂದ ಏನಾದರೂ ಹೇಳುತ್ತಲೇ ಇರುತ್ತಿದ್ದಳು, ಮಗ್ಗಿಯೋ, ಗೆಳತಿಯ ಮೇಲಿನ ಚಾಡಿಯೋ, ಅಂಗಡಿ ಬೋರ್ಡುಗಳನ್ನು ಹಿಂದುಮುಂದಾಗಿ ಓದುವುದೋ. ಇವತ್ತು ಸದ್ದಿಲ್ಲ. ಸೊಂಟವನ್ನು ಹಿಡಿದ ಎರಡು ಕೈಗಳಲ್ಲಿ ಒಂದು ಮಾತ್ರ ಅವಳಿಗೆ ತಿಳಿಯುತ್ತಿತ್ತು. ಇನ್ನೊಂದು ಜೇಬಿನಲ್ಲಿರಬೇಕು. ಬಿಚ್ಚಿದ ಕೂದಲು ಗಾಳಿಗೆ ಹಾರಿ ಆಗಾಗ ಅವಳ ಮೊಣಕೈಗೆ ತಾಗುತ್ತಿತ್ತು. ಸೇತುವೆಯ ಏರಿನಲ್ಲಿ ಮಗಳು "ಅಮ್ಮಾ" ಎಂದಾಗ, "ಏರು ಕಣೇ, ಉಸಿರಾಡೋಕೆ ಬಿಡು" ಎಂದಳು. ಇಳಿಜಾರಿನಲ್ಲಿ ಮತ್ತೆ "ಅಮ್ಮಾ" ಎಂದಾಗ, "ಇಳಿಜಾರು, ಗಟ್ಟಿಯಾಗಿ ಹಿಡ್ಕೋ" ಎಂದಳು. ಆಮೇಲೆ ರಸ್ತೆ ಸಮತಟ್ಟಾಗಿಯೇ ಇತ್ತು, ಹೇಳಲು ಅವಳಿಗೆ ಯಾವ ನೆಪವೂ ಉಳಿದಿರಲಿಲ್ಲ. ಆಗ ಮಗಳೇ ಸುಮ್ಮನಿದ್ದಳು.

ಸೈಕಲ್ಲಿಗೆ ಬೆಲ್ ಇರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ. ತಿಂಗಳ ಹಿಂದೆ ಶೆಡ್ಡಿನಲ್ಲಿ ಯಾರೋ ಅವಳ ಬೆಲ್ ಬಿಚ್ಚಿಕೊಂಡು ಹೋದರು. ಮುಂದಿನ ವಾರ ಗಾಳಿ ಹೊಡೆಯುವ ಪಂಪು ಹೋಯಿತು. ಅದರ ಮುಂದಿನ ವಾರ ಸೀಟನ್ನೇ ಅರ್ಧ ತಿರುಪಿ ಬಿಟ್ಟಿದ್ದರು, ಹತ್ತಿ ಕೂತವಳು ಮಗಳ ಸಮೇತ ಹಿಂದಕ್ಕೆ ವಾಲಿದಳು. ಸೈಕಲ್ಲೇ ಹೋದರೆ? ಆ ಯೋಚನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಪುಸ್ತಕಗಳಿಗೆ ನಂಬರು ಹಾಕುವಾಗಲೂ, ದೋಸ್ತಿ ಮುರಿದ ಹುಡುಗಿಯರಿಗೆ ಸಮಾಧಾನ ಹೇಳುವಾಗಲೂ ಅವಳ ಒಂದು ಕಿವಿ ಕೆಳಗಿನ ಶೆಡ್ಡಿನ ಮೇಲೇ ಇರುತ್ತಿತ್ತು. ಧೈರ್ಯ ಮಾಡಿ ಸಿಬ್ಬಂದಿಯ ಸಭೆಯಲ್ಲಿ ಎದ್ದು ನಿಂತು ಹೇಳಿದಳು. "ನಿಮ್ಮ ಸೈಕಲ್ಲು ಏನು ಚಿನ್ನದ್ದಾ?" ಎಂದರು ಮುಖ್ಯೋಪಾಧ್ಯಾಯಿನಿ. ಮಕ್ಕಳು ಅವರಿಗೆ ಪೀಪಿ ಎಂದು ಹೆಸರಿಟ್ಟಿದ್ದರು, ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿತ್ತಲ್ಲ. "ಬೆಲ್ ಹೋದ್ರೆ ಏನಾಯ್ತು ಮೇಡಂ, ನಿಮ್ಮ ಗಂಟಲಿದೆಯಲ್ಲ" ಎಂದರು ಡ್ರಿಲ್ ಮಾಸ್ತರು. ಎಲ್ಲರೂ ನಕ್ಕರು. ಇಡೀ ಶಾಲೆಯಲ್ಲಿ ಅವಳಷ್ಟು ಮೆಲುದನಿ ಯಾರದ್ದೂ ಇರಲಿಲ್ಲ, ಆ ನಗುವಿಗೆ ಅದೇ ಕಾರಣ. ಅವಳೂ ನಕ್ಕಳು. ನಕ್ಕದ್ದಕ್ಕೆ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಕೊನೆಗೆ ಪೀಪಿ ಬರೆದು ಕೊಡಿ ಎಂದಿದ್ದರಲ್ಲ, ಬರೆದಳು. ಎಷ್ಟು ಮೃದುವಾಗಿ ಬರೆದರೂ ಕೊನೆಗೊಂದು ಸಾಲು ಬಂದೇಬಂತು: ಶೆಡ್ಡಿಗೆ ಈಗಿರುವ ಕಾವಲು ಸಾಲದು.

ಕಾವಲು ಎಂದರೆ ಗೇಟಿನ ತಾತ. ಬೇರೆ ಯಾರೂ ಅಲ್ಲ. ಶೆಡ್ಡಿನ ತಗಡಿನ ಮಾಡಿನ ಕೆಳಗೆ, ಜಾಲರಿ ಬಾಗಿಲ ಪಕ್ಕ, ಒಂದು ತೋಳು ಮುರಿದ ಕುರ್ಚಿಯಲ್ಲಿ ಕೂತು ಗೇಟನ್ನೂ ಶೆಡ್ಡನ್ನೂ ನೋಡಿಕೊಳ್ಳುತ್ತಿದ್ದ ಮುದುಕ. ಪತ್ರ ಕೊಟ್ಟ ಮಾರನೆ ದಿನ ಅವಳ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದ. "ಅಮ್ಮಾ, ನನ್ನ ಕಣ್ಣು ಮಂಜಾಗಿದೆ ಅಂತ ಬರೆದ್ರಂತೆ?"

"ಛೇ ಛೇ, ಹಾಗೆಲ್ಲ ಬರೆದಿಲ್ಲ ತಾತ."

"ಬರೆದ್ರೂ ಬರೀರಿ, ಮಂಜಾಗಿರೋದು ನಿಜ. ಆದ್ರೆ ಸರಪಳಿ ಗಿರಪಳಿ ಅಂತ ಮನೆಯಿಂದ ತರಬೇಡಿ ಕಣಮ್ಮ. ನಾನಿದ್ದೂ ನೀವು ಸರಪಳಿ ತಂದ್ರೆ, ಈ ಕುರ್ಚಿ ಮೇಲೆ ನನ್ನ ಬದಲು ಒಂದು ಕುಂಬಳಕಾಯಿ ಇಟ್ರೂ ನಡೆಯುತ್ತೆ ಅಂದ ಹಾಗಾಗುತ್ತೆ. ತರಲ್ಲ ತಾನೆ?"

"ತರಲ್ಲ ತಾತ."

ಆ ಸಂಜೆಯೇ ಕೊಂಡು ತಂದಳು. ತಂದು, ಅದರ ಕಣಕಣ ಸದ್ದು ಕೇಳಿ, ಅದು ಸದ್ದು ಮಾಡದ ಹಾಗೆ ಹಳೆಯ ಫ್ರಾಕಿನಿಂದ ಉದ್ದನೆಯ ಚೀಲದಂಥ ಒಂದು ತೋಳು ಹೊಲಿದು ತೊಡಿಸಿದಳು. "ಮನೆಗೂ ನೀನು ಇಷ್ಟು ಬೀಗ ಹಾಕಲ್ಲ. ಇನ್ನೇನು, ಅದಕ್ಕೊಂದು ಸ್ವೆಟರು ಹೆಣೆದುಬಿಡು" ಎಂದ ಮಗಳ ಅಪ್ಪ. ಮಗಳು ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟಿದ್ದಳು. ಇದು ನನ್ನ ಫ್ರಾಕು, ಹಾವಿಗೆ ಹಾಕಿದ ಹಾಗಿದೆ ಎಂದು ನಕ್ಕು ಅದನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ದಾರ ಪೋಣಿಸಿದ ಕೈ ಮರೆಯುತ್ತದೆಯೇ, ಎಂದು ಈಗ ಶಾಲೆಯ ಬೀದಿಯ ತಿರುವಿನಲ್ಲಿ ಪೆಡಲು ತುಳಿಯುತ್ತ ಅವಳು ಕೇಳಿಕೊಂಡಳು. ಎಷ್ಟು ಪೆದ್ದುತನ. ಡಬ್ಬಿಯ ತಳಕ್ಕೆ ಹಾಕಿದ ಮಾತ್ರಕ್ಕೆ.

ಗುರುವಾರ ಬೆಳಿಗ್ಗೆ ಮೊದಲ ಸಲ ಆ ಸರಪಳಿ ಹಾಕಿದ್ದಳು. ಅಡುಗೆಯಾಕೆಯ ಸೈಕಲ್ಲು ಎಂದಿನಂತೆ ಕಂಬಕ್ಕೆ ಒರಗಿ ನಿಂತಿತ್ತು. ಮಕ್ಕಳ ಮಧ್ಯಾಹ್ನದ ಊಟ ಬೇಯಿಸುವವಳು ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಅವಳ ಸೈಕಲ್ಲಿನ ಸ್ಟ್ಯಾಂಡು ಮುರಿದು ವರ್ಷವಾಗಿತ್ತು. "ಅಕ್ಕಾ, ನಿಮ್ಮದು ಪಕ್ಕದಲ್ಲೇ ಒತ್ತಿ ನಿಲ್ಸಿ, ನಂದು ಬೀಳಲ್ಲ. ಅವೆರಡೂ ಮಾತಾಡ್ಕೊಂಡಿರ್ಲಿ" ಎಂದಿದ್ದಳು ಒಮ್ಮೆ. ಅಂದಿನಿಂದ ಒಂದೇ ಕಪ್ಪು ಬಣ್ಣದ ಎರಡು ಸೈಕಲ್ಲುಗಳೂ ಮೂತಿಗೆ ಮೂತಿ ತಾಗಿಸಿಕೊಂಡು ನಿಲ್ಲುತ್ತಿದ್ದವು. ಅವಳು ಹಿಂದಿನ ಚಕ್ರದ ಬೀಗ ಒತ್ತಿದಳು. ಆಮೇಲೆ ಚೀಲದಿಂದ ಸರಪಳಿ ಎಳೆದು, ಕಣ್ಣು ತಾತನ ಮೇಲಿಟ್ಟು, ಕೈಯನ್ನು ಮಾತ್ರ ಕೆಳಗೆ ಇಳಿಸಿ, ಕುರುಡಿಯ ಹಾಗೆ ಚಕ್ರದ ಕಡ್ಡಿಗಳ ನಡುವೆ ತೂರಿಸಿ, ಮುಂದಿನ ಕಬ್ಬಿಣದ ಪೈಪಿಗೆ ಸುತ್ತಿ ಬೀಗ ಒತ್ತಿದಳು. ತಾತ ಆಕಳಿಸುತ್ತಿದ್ದ. ಅವನ ಆಕಳಿಕೆ ಮುಗಿಯುವುದರೊಳಗೆ ಕೆಲಸ ಮುಗಿದಿತ್ತು. ಮೇಲಂತಸ್ತಿಗೆ ಹತ್ತುವಾಗ ಅವಳಿಗೆ ಎಷ್ಟೋ ದಿನದ ಮೇಲೆ ಎರಡೂ ಕಿವಿಗಳು ತನ್ನ ಬಳಿಯೇ ಇವೆ ಅನ್ನಿಸಿತು.

ಮೂರನೇ ಗಂಟೆ ನಾಲ್ಕನೇ ತರಗತಿಯ ಪುಸ್ತಕದ ಪಾಠ. ಮಕ್ಕಳು ಬೆಂಚುಗಳಲ್ಲಿ ಗುಜುಗುಜು ಎನ್ನುತ್ತಿದ್ದರು, ಅವಳು ತಾರೀಖಿನ ಮೊಹರು ಒತ್ತುತ್ತಿದ್ದಳು. ಕೆಳಗೆ ಯಾರೋ ಕಬ್ಬಿಣ ಜಗ್ಗುವ ಸದ್ದು. ಅವಳ ಸೈಕಲ್ಲೇ ಎಂದು ಕಿಟಕಿಗೆ ಓಡಿದಳು. ಅವಳ ಸೈಕಲ್ಲು ತಣ್ಣಗೆ ನಿಂತಿತ್ತು. ಅದರ ಪಕ್ಕದ ಸೈಕಲ್ಲನ್ನು ಅಡುಗೆಯಾಕೆ ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು, ಕೈಯ ಹಿಟ್ಟು ಹ್ಯಾಂಡಲಿಗೆಲ್ಲ ಮೆತ್ತಿಕೊಂಡಿತ್ತು. ಅದರ ಮುಂದಿನ ಚಕ್ರದಿಂದ ಪೈಪಿಗೆ ಹಳದಿ ಚೌಕುಳಿಯ ಬಟ್ಟೆ ಸುತ್ತಿಕೊಂಡಿತ್ತು. ತನ್ನದನ್ನು ಬಿಟ್ಟು ಅಡುಗೆಯಾಕೆಯದ್ದಕ್ಕೆ ಹಾಕಿದ್ದೇನೆ ಎಂಬುದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಕೂಡಲೇ ನಗು ಬರಬೇಕಿತ್ತು, ಬೇರೆ ದಿನವಾಗಿದ್ದರೆ ಬರುತ್ತಿತ್ತು. ಆದರೆ ಅಡುಗೆಯಾಕೆ ಕೂಗುತ್ತಿದ್ದಳು: "ಅಪ್ಪ ಬಿದ್ದುಬಿಟ್ಟಿದಾರೆ ತಾತ! ಬಚ್ಚಲಲ್ಲಿ! ಪಕ್ಕದ ಮನೆಯವರು ಫೋನ್ ಮಾಡಿದ್ರು. ಬಾಗಿಲು ಹೊರಗಿಂದ ಬೀಗ ಹಾಕಿ ಬಂದಿದೀನಿ, ಕೀಲಿ ನನ್ನ ಹತ್ರ ಇದೆ! ಯಾವ ಪಾಪಿ ಇದನ್ನ ಕಟ್ಟಿದ್ದು?"

ಅಡುಗೆಯಾಕೆಯ ಅಪ್ಪ ಮರೆವಿನಿಂದ ಎಲ್ಲೆಲ್ಲೋ ನಡೆದುಬಿಡುತ್ತಾರೆ, ಅದಕ್ಕೆ ಹೊರಗಿಂದ ಬೀಗ ಹಾಕಿ ಬರುತ್ತಾಳೆ. ಇದು ಅವಳಿಗೆ ಗೊತ್ತಿದ್ದದ್ದೇ. ಕಿಟಕಿಯ ಬಳಿ ನಿಂತ ಅವಳ ಮುಷ್ಟಿಯಲ್ಲಿ ಆಗಲೇ ಸರಪಳಿಯ ಕೀಲಿಯಿದ್ದ ಗೊಂಚಲು ಇತ್ತು. ಅದು ಚೀಲದಿಂದ ಕೈಗೆ ಯಾವಾಗ ಬಂತೋ. ಬಾಗಿಲ ತನಕ ಬಂದಳು. ಆಗ ಕೆಳಗಿನಿಂದ ಸೀಟಿಯ ಸದ್ದು ಕೇಳಿತು. ಪೀಪಿ ಅಂಗಳ ದಾಟಿ ಶೆಡ್ಡಿನ ಕಡೆಗೇ ಹೋಗುತ್ತಿದ್ದರು, ಡ್ರಿಲ್ ಮಾಸ್ತರೂ ಹಿಂದೆ. ಎಲ್ಲರ ಎದುರಿಗೆ ಹೋಗಿ, ಹಿಟ್ಟು ಮೆತ್ತಿದ ಆ ಕೈಗಳ ಎದುರಿಗೆ, ತಾತನ ಎದುರಿಗೆ, ಬಟ್ಟೆಯೊಳಗಿನ ಸರಪಳಿಗೆ ಕೀಲಿ ಹಾಕಬೇಕು. ತರಲ್ಲ ತಾನೆ? ತರಲ್ಲ ತಾತ. ಡ್ರಿಲ್ ಮಾಸ್ತರ ನಗು ಅವಳಿಗೆ ಆಗಲೇ ಕೇಳಿಸಿತು. ಅವರು ಹೋಗಲಿ ಎಂದುಕೊಂಡಳು. ಒಂದು ನಿಮಿಷ. ಮರಳಿ ಮೇಜಿಗೆ ಬಂದು ಒಂದು ಪುಸ್ತಕಕ್ಕೆ ಮೊಹರು ಒತ್ತಿದಳು. ಇನ್ನೊಂದಕ್ಕೆ ಒತ್ತಿದಳು. ಒಂದೇ ಪುಟಕ್ಕೆ ಮೂರು ಸಲ ಒತ್ತಿದ್ದು ಆಮೇಲೆ ಗೊತ್ತಾಯಿತು. ಪೀಪಿಯೂ ಡ್ರಿಲ್ ಮಾಸ್ತರೂ ಯಾವುದೋ ತರಗತಿಯ ಗದ್ದಲಕ್ಕೆ ತಿರುಗಿ ಹೋದರು, ತಾತ ಗರಗಸ ತರಲು ಬಡಗಿ ಕೋಣೆಗೆ ಓಡಿದ, ಅಡುಗೆಯಾಕೆ ಕಾದು ಕಾದು ಕೊನೆಗೆ ಸೈಕಲ್ಲನ್ನು ಒದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಗೇಟು ದಾಟಿ ಓಡಿದಳು. ಆಗ ಅವಳು ಇಳಿದಳು. ಸದ್ದು ಮಾಡಬೇಡಿ ಮಕ್ಕಳೇ, ಬಂದೆ ಎಂದು ಇಳಿದಳು. ಸರಪಳಿ ಬಿಚ್ಚಿದಳು. ಗೇಟಿನ ತನಕ ಆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಕೂಗಲು ಬಾಯಿ ತೆರೆದಳು. ಡ್ರಿಲ್ ಮಾಸ್ತರು ಹೇಳಿದ್ದ ಆ ಗಂಟಲಿನಿಂದ ಏನೂ ಹೊರಡಲಿಲ್ಲ. ಬೀದಿಯ ತಿರುವಿನಲ್ಲಿ ಸೆರಗು ಮಾತ್ರ ಕಂಡು ಮರೆಯಾಯಿತು. ಸೈಕಲ್ಲನ್ನು ತಂದು ಕಂಬಕ್ಕೆ ಒರಗಿಸಿ, ಸರಪಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ಬಂದಳು. ಬಂದಾಗ ಮಕ್ಕಳೆಲ್ಲ ಬೆಂಚಿನಲ್ಲಿದ್ದರು, ಒಬ್ಬಳನ್ನು ಬಿಟ್ಟು. ಮಗಳು ಕಿಟಕಿಯ ಬಳಿ ನಿಂತಿದ್ದಳು. ತಿರುಗಿ ನೋಡದೆ, ಪುಸ್ತಕ ಹುಡುಕುವವಳಂತೆ ಕಪಾಟಿನ ಕಡೆ ಸರಿದಳು.

ತನ್ನ ಸೈಕಲ್ಲು ಅಲ್ಲೇ ಇತ್ತು. ಇದು ಅವಳಿಗೆ ಹೊಳೆದದ್ದು ಸಂಜೆ, ತರಕಾರಿ ಹೆಚ್ಚುತ್ತಿದ್ದಾಗ. ಗೊಂಚಲಿನಲ್ಲಿ ಎರಡು ಕೀಲಿಗಳಿದ್ದವು. ಸರಪಳಿಯ ಮಾತೇ ಎತ್ತದೆ, ಕಿಟಕಿಯಿಂದ ತನ್ನ ಸೈಕಲ್ಲಿನ ಕೀಲಿಯನ್ನು ಕೆಳಗೆ ಎಸೆದು, ನನ್ನದು ತಗೊಂಡು ಹೋಗಮ್ಮಾ ಎನ್ನಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ; ಒಳ್ಳೆಯವಳು ಎಂದೂ ಅನ್ನಿಸಿಕೊಳ್ಳಬಹುದಿತ್ತು. ಸರಪಳಿಯನ್ನು ಮುಚ್ಚಿಟ್ಟದ್ದಕ್ಕಾದರೂ ನಾಚಿಕೆ, ಹೆದರಿಕೆ ಎಂದು ಹೆಸರು ಕೊಡಬಹುದು. ಇದಕ್ಕೆ ಏನು ಹೆಸರು?

ಅಡುಗೆಯಾಕೆಯ ಮನೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಜಗ್ಗಿದ್ದು, ಕಾದದ್ದು, ಓಡಿದ್ದು ಎಲ್ಲ ಸೇರಿ ನಲವತ್ತು ನಿಮಿಷ. ಅಪ್ಪನ ಸೊಂಟದ ಮೂಳೆ ಅವರು ಬಿದ್ದ ಕ್ಷಣವೇ ಮುರಿದಿತ್ತು, ಅದಕ್ಕೂ ಸೈಕಲ್ಲಿಗೂ ಸಂಬಂಧವಿಲ್ಲ ಎಂದು ಶನಿವಾರ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಬಿಡಬೇಕೆಂದೇ ಹೋಗಿದ್ದಳು. ಹೋಗಿ ಕಿತ್ತಳೆ ಸುಲಿದಳು. ಮುದುಕರು ಖುಷಿಯಾಗಿದ್ದರು, ಮಾತಿಗೆ ಜನ ಸಿಕ್ಕಿದ್ದಕ್ಕೆ. "ನೋಡಮ್ಮಾ, ನಲ್ಲಿ ತೊಟ್ಟಿಕ್ಕುತ್ತೆ ಅಂತ ನಾನು ಎಷ್ಟು ದಿನದಿಂದ ಹೇಳ್ತಾ ಇದ್ದೆ, ಇವಳು ಕೇಳ್ತಾ ಇರ್ಲಿಲ್ಲ. ಅವತ್ತು ಬಿದ್ದಲ್ಲೇ ಮಲ್ಕೊಂಡು ಹನಿ ಎಣಿಸಿದೆ. ಒಂಬೈನೂರರ ತನಕ ಎಣಿಸಿದೆ. ಆಮೇಲೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡ್ದೆ. ಬಕೆಟ್ಟಿನ ಹಿಂದೆ ಕಳೆದುಹೋಗಿದ್ದ ಸೋಪೂ ಸಿಕ್ಕಿತು." ಅಡುಗೆಯಾಕೆ ಅವಳನ್ನು ಮೆಟ್ಟಿಲ ತನಕ ಕಳಿಸಲು ಬಂದು ಕೈ ಹಿಡಿದುಕೊಂಡಳು. "ಶಾಲೆಯಿಂದ ಬಂದಿದ್ದು ನೀವೊಬ್ರೇ ಅಕ್ಕಾ." ಆ ಕೈಯಿಂದ ತನ್ನ ಕೈಯನ್ನು ಬಿಡಿಸಿಕೊಂಡು, ಕಿತ್ತಳೆಯ ಸಿಪ್ಪೆಯ ವಾಸನೆಯನ್ನು ದಾರಿಯುದ್ದಕ್ಕೂ ಮೂಸುತ್ತ ಅವಳು ಮನೆಗೆ ಬಂದಿದ್ದಳು.

ಗೇಟಿನಲ್ಲಿ ಇಳಿದರು. ತಾತ ಕುರ್ಚಿಯಲ್ಲಿ ಕೂತಿರಲಿಲ್ಲ, ಅದರ ಪಕ್ಕ ನಿಂತಿದ್ದ. ಒಗೆದ ಅಂಗಿ, ಕತ್ತಿನ ತನಕ ಗುಂಡಿ. ಜಾಲರಿ ಬಾಗಿಲ ಬಳಿ ಮೇಜು ಹಾಕಿತ್ತು. ಮೇಜಿನ ಹಿಂದೆ ಪೀಪಿ, ಪಕ್ಕದಲ್ಲಿ ಗುಮಾಸ್ತ. ಮೆಟ್ಟಿಲ ಮೇಲೆ ಅಡುಗೆಯಾಕೆ, ಕಣ್ಣಿನ ಕೆಳಗೆ ಕಪ್ಪು, ಆಸ್ಪತ್ರೆಯಿಂದಲೇ ನೇರವಾಗಿ ಬಂದವಳಂತೆ. "ಬನ್ನಿ, ನಿಮಗೇ ಕಾಯ್ತಾ ಇದ್ವಿ" ಎಂದರು ಪೀಪಿ. ಅವಳು ಸೈಕಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸಲು ಹೋದಳು. ಪಕ್ಕದ ಸೈಕಲ್ಲು ಗುರುವಾರದಿಂದ ಅಲ್ಲೇ ಇತ್ತು, ಹ್ಯಾಂಡಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಅದಕ್ಕೆ ತಾಗದ ಹಾಗೆ ಒಂದು ಮೊಳ ದೂರ ನಿಲ್ಲಿಸಿದಳು.

"ನಾನು ಹೆಚ್ಚು ಮಾತಾಡಲ್ಲ" ಎಂದು ಪೀಪಿ ಹೆಚ್ಚು ಮಾತಾಡತೊಡಗಿದರು. ಯಾವನೋ ಹುಡುಗ ತುಂಟಾಟಕ್ಕೆ ಸರಪಳಿ ಕಟ್ಟಿದ್ದಾನೆ, ಬಿಚ್ಚಿಕೊಂಡೂ ಹೋಗಿದ್ದಾನೆ, ಹುಡುಗರು ಅಂದಮೇಲೆ ಹಾಗೇ, ಅದು ಬೇರೆ ಮಾತು. "ಆದ್ರೆ ಕಾವಲು ಅಂತ ಒಬ್ಬರಿದ್ದು, ಕಟ್ಟೋವಾಗಲೂ ನೋಡಲಿಲ್ಲ, ಬಿಚ್ಚೋವಾಗಲೂ ನೋಡಲಿಲ್ಲ. ನಾನು ಬಂದು ನೋಡಿದ್ರೆ ಗರಗಸ ಹಿಡ್ಕೊಂಡು ನಿಂತಿದಾರೆ, ಕೊಯ್ಯೋಕೆ ಸರಪಳೀನೇ ಇಲ್ಲ!"

"ಇತ್ತು ಮೇಡಂ" ಎಂದ ತಾತ. "ಬಟ್ಟೆ ಸುತ್ತಿದ್ರು. ಈ ತಾಯಿನೂ ನೋಡಿದಾಳೆ."

"ಹಳದಿ ಚೌಕುಳಿ" ಎಂದಳು ಅಡುಗೆಯಾಕೆ ಸುಸ್ತಾದ ದನಿಯಲ್ಲಿ. "ತಾತನ್ನ ಬಿಟ್ಬಿಡಿ ಮೇಡಂ. ಅವರೇನು ಮಾಡ್ತಾರೆ? ನನಗೆ ಅದನ್ನ ಕಟ್ಟಿದವರು ಸಿಕ್ಕಿದ್ರೆ ಸಾಕು. ಬೈಯಲ್ಲ. ಒಂದೇ ಒಂದು ಸಲ ಅಪ್ಪನ ಹತ್ರ ಕರ್ಕೊಂಡು ಹೋಗಿ ಕೂರಿಸ್ತೀನಿ."

"ಸಿಗೋರನ್ನ ಹುಡುಕೋಣ. ಮೊದಲು ಇದು ಮುಗೀಲಿ. ಇವರಿಗೆ ವಯಸ್ಸಾಯ್ತು, ಈ ತಿಂಗಳಿಗೆ ಸಾಕು ಅಂತ ಮೇಲಿನವರಿಗೆ ಬರೆದಿದೀನಿ. ಇದು ಇವತ್ತಿನ ವಿಷಯ ಅಲ್ಲ, ಮುಂಚೆನೇ ದೂರು ಬಂದಿತ್ತು ಅಂತ ನಿಮ್ಮ ಪತ್ರ ಜೊತೆಗೆ ಲಗತ್ತಿಸಿದೀನಿ. ಇಲ್ಲಿ ಒಂದು ಸಹಿ ಹಾಕಿ." ಪೀಪಿ ಕಾಗದವನ್ನು ಅವಳ ಕಡೆ ತಿರುಗಿಸಿದರು. ಅವಳದ್ದೇ ಅಕ್ಷರ. ಕಾವಲು ಸಾಲದು ಎಂಬ ಸಾಲಿನ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ತಾತ ಅವಳನ್ನು ನೋಡುತ್ತಿರಲಿಲ್ಲ. ಅವಳಿಗೆ ಕಷ್ಟವಾಗಬಾರದೆಂದು ಬೇಕೆಂತಲೇ ಕುರ್ಚಿಯ ಮುರಿದ ತೋಳನ್ನು ನೋಡುತ್ತಿದ್ದಾನೆ ಅನ್ನಿಸಿತು. "ಹಾಕಿ ಅಮ್ಮಾ" ಎಂದ ಮೆಲ್ಲಗೆ. "ನೀವು ಬರೆದಿದ್ದು ಸುಳ್ಳಲ್ಲ. ನಾನು ನೋಡಲಿಲ್ಲ. ಅಷ್ಟು ಹತ್ತಿರ ಬಂದು ಕಟ್ಟಿದಾರೆ, ನನಗೆ ಕಾಣಲಿಲ್ಲ ಅಂದ್ರೆ, ಕುಂಬಳಕಾಯೇ ವಾಸಿ."

ಪೆನ್ನು ಕೈಯಲ್ಲಿತ್ತು. ಹೇಳಬೇಕಾದ ಮಾತು ಅವಳಿಗೆ ಗೊತ್ತಿತ್ತು, ನಾಲ್ಕು ದಿನದಿಂದ ಗೊತ್ತಿತ್ತು, ಕಟ್ಟಿದ್ದು ನಾನು ಎಂಬ ಎರಡೇ ಪದ. ಮೊದಲ ಪದಕ್ಕೆ ತುಟಿ ತೆರೆಯಿತು, ಗೇಟಿನಲ್ಲಿ ಅವತ್ತು ತೆರೆದ ಹಾಗೆಯೇ. ಅವತ್ತಿನ ಹಾಗೆಯೇ ಏನೂ ಹೊರಡಲಿಲ್ಲ. ಪಕ್ಕದಲ್ಲಿ ಏನೋ ಮೊಣಕೈಗೆ ತಾಗಿತು. ಮಗಳ ಬಿಚ್ಚಿದ ಕೂದಲು. ಮಗಳು ತರಗತಿಗೆ ಹೋಗದೆ ಅಲ್ಲೇ ಅಂಟಿಕೊಂಡು ನಿಂತಿದ್ದಳು, ಒಂದು ಕೈ ಇನ್ನೂ ಜೇಬಿನಲ್ಲೇ.

"ಒಂದು ನಿಮಿಷ" ಎಂದಳು ಅವಳು. "ಮಗಳ ಜಡೆ ಅರ್ಧ ಆಗಿದೆ."

"ಈಗಲಾ?" ಎಂದರು ಪೀಪಿ.

ಅವಳು ಪೆನ್ನನ್ನು ಕಾಗದದ ಮೇಲಿಟ್ಟು ಮೆಟ್ಟಿಲ ಮೇಲೆ, ಅಡುಗೆಯಾಕೆಯ ಪಕ್ಕದಲ್ಲೇ, ಕೂತಳು. ಮಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ಬಾಚಣಿಗೆ ಇರಲಿಲ್ಲ, ಬೆರಳಿನಲ್ಲೇ ಸಿಕ್ಕು ಬಿಡಿಸಿದಳು. ಗಾಳಿಗೆ ತುಂಬ ಸಿಕ್ಕಾಗಿತ್ತು. ಮೂರು ಪಾಲು ಮಾಡಿದಳು. ಬಲಗಡೆಯದ್ದು ನಡುವಿಗೆ, ಎಡಗಡೆಯದ್ದು ನಡುವಿಗೆ. ಬೆಳಿಗ್ಗೆ ಅಲ್ಲಾಡದೆ ನಿಂತಿದ್ದ ಆ ತಲೆ ಈಗಲೂ ಅಲ್ಲಾಡುತ್ತಿರಲಿಲ್ಲ. ನಾಲ್ಕು ದಿನ ಇಷ್ಟು ಸಣ್ಣ ತಲೆ ಇದನ್ನು ಹೇಗೆ ಹೊತ್ತಿತು, ಯಾರಿಗೂ ಹೇಳದೆ, ತನ್ನ ಅಪ್ಪನಿಗೂ ಹೇಳದೆ, ಊಟ ಮಾಡುತ್ತ, ಮಗ್ಗಿ ಬರೆಯುತ್ತ? ತಾನು ಸುಮ್ಮನಿರುವುದನ್ನು ಕಲಿಸುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಜಡೆ ತುದಿಗೆ ಬಂತು.

"ರಿಬ್ಬನ್ ಕೊಡು."

ಮಗಳು ಕೊಡಲಿಲ್ಲ. ಕತ್ತು ತಿರುಗಿಸಿ ಅಮ್ಮನನ್ನು ನೋಡಿದಳು, ಇದನ್ನೇ ಕೊಡಲಾ ಎಂಬಂತೆ.

"ಜೇಬಲ್ಲಿ ಇದೆಯಲ್ಲ. ಅದನ್ನೇ ಕೊಡು ಪುಟ್ಟೀ."

ಜೇಬಿನಿಂದ ಕೈ ಹೊರಗೆ ಬಂತು. ಮುಷ್ಟಿ ಬಿಚ್ಚಿತು. ಬೆವರಿಗೆ ಒದ್ದೆಯಾಗಿ ಮುದುಡಿದ ಹಳದಿ ಚೌಕುಳಿಯ ತೋಳು. ಪಕ್ಕದಲ್ಲಿ ಅಡುಗೆಯಾಕೆಯ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳಲಿಲ್ಲ. ಮೊಣಕಾಲ ಮೇಲೆ ಬಿಡಿಸಿ, ಅಂಗೈಯಿಂದ ಸುಕ್ಕು ನೇವರಿಸಿ, ಜಡೆಯ ತುದಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ದಪ್ಪನೆಯ ಗಂಟು, ಎಲ್ಲರಿಗೂ ಕಾಣುವಂಥದ್ದು. ತಾತ ಒಂದು ಹೆಜ್ಜೆ ಮುಂದೆ ಬಂದು ಮಂಜುಗಣ್ಣು ಕಿರಿದು ಮಾಡಿ ನೋಡಿದ.

"ಬೆಳಿಗ್ಗೆ ಏನೋ ಕೇಳ್ಬೇಕು ಅಂದ್ಯಲ್ಲ" ಎಂದಳು ಅವಳು. ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. "ಈಗ ಕೇಳು."

"ಇಲ್ಲೇನಾ?"

"ಇಲ್ಲೇ. ಜೋರಾಗಿ ಕೇಳು, ತಾತಂಗೂ ಕೇಳಿಸೋ ಹಾಗೆ. ಉತ್ತರ ನಾನು ಹೇಳ್ತೀನಿ."

ಮಗಳು ಎದ್ದು ನಿಂತಳು. ಅಡುಗೆಯಾಕೆಯ ಮುಖ ನೋಡಿದಳು, ತಾತನ ಒಗೆದ ಅಂಗಿ ನೋಡಿದಳು, ಶೆಡ್ಡಿನಲ್ಲಿ ಒಂದು ಮೊಳ ದೂರ ದೂರ ನಿಂತಿದ್ದ ಎರಡು ಕಪ್ಪು ಸೈಕಲ್ಲುಗಳನ್ನು ನೋಡಿದಳು. ತರಗತಿಯಲ್ಲಿ ಪದ್ಯ ಒಪ್ಪಿಸುವಾಗ ಮಾಡುವ ಹಾಗೆ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ಅಮ್ಮಾ, ಅವತ್ತು ಕೀಲಿ ನಿನ್ನ ಕೈಲೇ ಇತ್ತಲ್ಲ, ಆಂಟಿ ಅಳ್ತಾ ಇದ್ರಲ್ಲ, ನೀನು ಬಾಗಿಲ ತನಕ ಹೋಗಿ ವಾಪಸ್ ಯಾಕೆ ಬಂದೆ?"